ದುರಸ್ತಿಯ ಲೆಕ್ಕ

ಮದುವೆಗಳಲ್ಲಿ ವಿಡಿಯೋ ತೆಗೆಯುವವರು ಹಿಡಿದು ನಡೆಯುವ ಸ್ಟೆಬಿಲೈಜರ್ ಎಂಬ ಸಾಧನವು ನೋಡುವುದಕ್ಕೆ ಸರಳವಾದುದು. ಮೇಲೆ ಕ್ಯಾಮೆರಾ, ಕೆಳಗೆ ಎದುರುತೂಕದ ಬಿಲ್ಲೆಗಳು, ನಡುವೆ ಒಂದು ಕಂಬ. ಗುರುತ್ವಕೇಂದ್ರಕ್ಕಿಂತ ತುಸು ಮೇಲೆ, ಎಲ್ಲ ದಿಕ್ಕಿಗೂ ತಿರುಗಬಲ್ಲ ಗಿಂಬಲ್ ಎಂಬ ಸಂದಿನಿಂದ ಹಿಡಿಯು ಕಂಬಕ್ಕೆ ಸೇರಿರುತ್ತದೆ. ಕೈಯ ನಡುಕ ಆ ಸಂದಿನಲ್ಲಿಯೇ ಅಡಗಿಹೋಗುತ್ತದೆ. ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ 1976ರ ‘ಬೌಂಡ್ ಫಾರ್ ಗ್ಲೋರಿ’ ಚಲನಚಿತ್ರದಲ್ಲಿ ಬಳಕೆಯಾಯಿತು. ಅದರ ಬಡ ಬಂಧುಗಳು ಇಂದು ರೇಷ್ಮೆಯ ಊರಾದ ಕೊಳ್ಳೇಗಾಲದ ಸಣ್ಣ ಸ್ಟುಡಿಯೋಗಳನ್ನೂ ಸೇರಿವೆ.

ಅಂಥದೊಂದು ಸ್ಟುಡಿಯೋದ ತರುಣನ ಸಾಧನವು ಹನೂರಿನ ಮದುವೆಯೊಂದರಲ್ಲಿ ಮೆಟ್ಟಿಲುಗಳಿಂದ ಉರುಳಿತು. ಅದನ್ನು ಹೊತ್ತು ತರುತ್ತಿದ್ದ ಸಹಾಯಕ ಹುಡುಗನ ಕಾಲಿಗೆ ದೀಪದ ವೈರು ತೊಡರಿತ್ತು. ಪುಣ್ಯಕ್ಕೆ ಕ್ಯಾಮೆರಾ ಅದರ ಮೇಲಿರಲಿಲ್ಲ. ಕಂಬ ಬಾಗಿ ಬಿರುಕು ಬಿಟ್ಟಿತು, ಗಿಂಬಲ್ಲಿನ ಬೇರಿಂಗು ಕಿರುಗುಟ್ಟತೊಡಗಿತು. ಎಂಟನೆಯ ದಿನ ಯಳಂದೂರಿನಲ್ಲಿ ಇನ್ನೊಂದು ಮದುವೆ. ಅದರ ಮುಂಗಡವು ಆಗಲೇ ದೀಪಗಳ ಸಾಲದ ಕಂತಿಗೆ ಸಂದಿತ್ತು.

“ಅಣ್ಣ, ನನ್ನ ಕೂಲೀಲೇ ಹಿಡ್ಕೊಳ್ಳಿ” ಎಂದು ಹುಡುಗನೇ ಹೇಳಿದನು. ಹಾಗೆ ಹಿಡಿದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಜನ ತುಳಿದಾಡುವ ಜಾಗದಲ್ಲಿ ವೈರು ಎಳೆದವನು ತರುಣನೇ ಅಲ್ಲವೇ? ಕೂಲಿಯನ್ನು ಅಂದೇ ಪೂರ್ತಿಯಾಗಿ ಕೊಟ್ಟನು.

ಲೇತ್ ಅಂಗಡಿಯ ಹಿರಿಯರು ಕಂಬವನ್ನು ತಿರುಗಿಸಿ ನೋಡಿ, “ಬೆಸುಗೆ ಹಾಕ್ಬೋದು ಕನಪ್ಪ, ನಿಲ್ಲಾಕಿಲ್ಲ” ಎಂದರು. ಅವರ ಮಾತು ಸರಿಯಾದುದು. ಗಟ್ಟಿಗೊಳಿಸಿದ ಅಲ್ಯೂಮಿನಿಯಂ ಬೆಸುಗೆಯ ಕಾವಿಗೆ ಮೆತ್ತಗಾಗುತ್ತದೆ; ಹೊರಗೆ ಚೆನ್ನಾಗಿ ಕಂಡರೂ ಬೆಸುಗೆಯ ಪಕ್ಕದಲ್ಲಿಯೇ ಮುರಿಯಬಹುದು. ಬಿರುಕಿನ ಭಾಗವನ್ನು ಕತ್ತರಿಸಿ, ಒಳಗೆ ಬಿಗಿಯಾಗಿ ಕೂರುವ ಉಕ್ಕಿನ ಕೊಳವೆ ತೂರಿಸಿ, ಎರಡೂ ಕಡೆ ಬೋಲ್ಟು ಹಾಕಿದರು. ಬೇರಿಂಗು 608 ಎಂಬ ಸಾಮಾನ್ಯ ಅಳತೆಯದು, ಒಳರಂಧ್ರ 8 ಮಿಲಿಮೀಟರ್. ಚಕ್ರದ ಬೂಟುಗಳಲ್ಲಿಯೂ ಅದೇ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯಿತು.

ಒಂದೆಡೆ ಮಾತ್ರ ತರುಣನು ಉಳಿತಾಯ ಮಾಡಲಿಲ್ಲ. ಕ್ಯಾಮೆರಾ ನಿಲ್ಲುವುದು ಕಾಲು ಅಂಗುಲದ ಒಂದೇ ತಿರುಪಿನ ಮೇಲೆ. ಅದರ ಸುತ್ತುಗಳು ಸವೆದಿದ್ದವು. ಹಳೆಯ ಡಬ್ಬಿಯಲ್ಲಿ ಹೊಂದುವಂಥದೊಂದು ಸಿಕ್ಕಿದರೂ ಹೊಸ ಪ್ಲೇಟನ್ನೇ ತಿರುಪಿನ ಸಮೇತ ಕೊಂಡನು. ಕ್ಯಾಮೆರಾ ಬಾಡಿಗೆಯದು, ಬಿದ್ದರೆ ನಷ್ಟ ಪರರದು. ಕೆಳಗೆ ಮಗುವೊಂದು ಕುಳಿತಿದ್ದರೆ ನಷ್ಟದ ಲೆಕ್ಕವೇ ಬೇರೆ.

ಬಳಿಕ ಕ್ಯಾಮೆರಾದಷ್ಟೇ ತೂಕದ ಮರದ ತುಂಡನ್ನು ಬಿಗಿದು ಪರೀಕ್ಷೆ ನಡೆಯಿತು. ಕಂಬವನ್ನು ಅಡ್ಡಲಾಗಿ ಹಿಡಿದು ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಅದು ನೆಟ್ಟಗಾಗಬೇಕು. ಇದೋ ತಟ್ಟನೆ ಎದ್ದು ಓಲಾಡಿತು. ಉಕ್ಕಿನ ಕೊಳವೆಯಿಂದ ಕೆಳಗಿನ ಭಾರ ಹೆಚ್ಚಾಗಿತ್ತು. ಬಿಲ್ಲೆಗಳನ್ನು ಒಂದೊಂದಾಗಿ ತೆಗೆಯುತ್ತ ಹದಕ್ಕೆ ತರುವಷ್ಟರಲ್ಲಿ ಎರಡು ಸಂಜೆಗಳು ಕಳೆದವು.

ಯಳಂದೂರು ಕಲ್ಲಿನ ಬಳೆಗಳ ಬಳೆಮಂಟಪದಿಂದ ಹೆಸರಾದ ಊರು. ಮದುವೆಯ ಹಿಂದಿನ ದಿನ ತರುಣನು ಅಲ್ಲಿಗೆ ಹೋಗಿ ವಧುವಿನ ತಂದೆಯನ್ನು ಕಂಡನು. “ಯಜಮಾನ್ರೇ, ಇದು ರಿಪೇರಿ ಆಗಿರೋದು. ಮೆಟ್ಲ ಮೇಲೆ, ಮಕ್ಕಳ ಮಧ್ಯೆ ಇದನ್ನ ಹಿಡಿಯಲ್ಲ. ಅಲ್ಲಿ ಸ್ಟ್ಯಾಂಡಿನ ಮೇಲಿಂದ ತೆಗೀತೀನಿ” ಎಂದನು. ಹೇಳದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿದದ್ದರಿಂದ ಅವರು ಮುಖ ಬಿಗಿದು, ಮಾತಾಡಿದ ಹಣದಲ್ಲಿ 500 ರೂಪಾಯಿ ಇಳಿಸಿದರು. ತರುಣನು ಒಪ್ಪಿದನು. ಕೊಳವೆಗೂ ಬೇರಿಂಗಿಗೂ ಕೂಡಿ ಆದ ವೆಚ್ಚಕ್ಕಿಂತ ಅದು ಹೆಚ್ಚೇ ಆಗಿತ್ತು.