ಹಂಚು ಕೂಡಬೇಕು, ಕುಕ್ಕರೂ ಕೂಡಬೇಕು

ಗ್ಯಾಸ್ ಒಲಿ ಯಾವುದು ತಗೊಂಡ್ರಿ, ಹೆಂಗದ ಅಂತ ಶ್ರಾವಣದಾಗ ಅರಿಶಿಣ-ಕುಂಕುಮಕ್ಕ ಬಂದಾಗ ನಾಕೈದು ಮಂದಿ ಕೇಳಿದ್ರಿ. ಬಾಯಿಲೆ ಹೇಳಿದ್ರ ಅರ್ಧಾ ಮರೀತೀರಿ, ಅದಕ್ಕ ಬರದ ಇಡ್ತೀನಿ.

ನಮ್ಮ ಮನ್ಯಾಗ ಒಂಬತ್ತು ಮಂದಿ. ಮುಂಜಾನೆ ಐದೂವರಿಗೆ ಚಹಾ, ಆಮೇಲೆ ಹಾಲು, ಮಕ್ಕಳ ಡಬ್ಬಿ, ಕುಕ್ಕರ್, ಎರಡು ಪಲ್ಯಾ, ಮ್ಯಾಲೆ ಇಪ್ಪತ್ತೈದು ಜ್ವಾಳದ ರೊಟ್ಟಿ. ಎರಡು ಬರ್ನರಿನ ಹಳೇ ಒಲಿ ಹದಿನಾಕು ವರ್ಷ ದುಡಿದದ. ಸೊಸಿ ನಾಕು ಬರ್ನರಿಂದು ತರೋಣು ಅಂದ್ಳು. ಆಕಿ ಅನ್ನೋದೂ ಖರೇನ, ಆಕಿಗೂ ಎಂಟೂವರಿಗೆ ಆಫೀಸಿಗೆ ಹೋಗಬೇಕು.

ಅಂಗಡಿಗೆ ಹೋಗುವಾಗ ನಾನು ಚೀಲದಾಗ ರೊಟ್ಟಿ ಹಂಚು, ಐದು ಲೀಟರಿನ ಕುಕ್ಕರ್ ಎರಡೂ ಹಾಕ್ಕೊಂಡು ಹೋಗಿದ್ದೆ. ಅಂಗಡಿ ಹುಡುಗ ಮಾರಿ ತಿರುವಿ ನಕ್ಕ. ನಗಲಿ. ನಾಕು ಬರ್ನರಿನ ಒಲಿ ಮ್ಯಾಲೆ ಹಂಚು ಇಟ್ಟು ಕುಕ್ಕರ್ ಇಡಾಕ ಹೋದ್ರ ಕುಕ್ಕರ್ ಸೊಟ್ಟ ನಿಂತಿತು. ಹಿಂದಿನ ಬರ್ನರಿಗೆ ಬೋಗುಣಿ ಇಡಬೇಕಂದ್ರ ಮುಂದಿನ ಉರಿ ಮ್ಯಾಲಿಂದ ಕೈ ಚಾಚಬೇಕು, ಸೆರಗು ಎಲ್ಲಿರ್ತದ ನೀವ ಹೇಳ್ರಿ. ಲೆಕ್ಕಕ್ಕ ನಾಕು, ಹಚ್ಚೋದು ಎರಡ. ಅದಕ್ಕ ಅಗಲ ಇರೋ ಮೂರರದು ನೋಡಿದ್ವಿ, ಒಂದು ದೊಡ್ಡ ಬರ್ನರ್ ಇರೋದು. ಹಂಚಿಗೆ ಅಂಚಿನತನಕ ಉರಿ ಹತ್ತದಿದ್ರ ರೊಟ್ಟಿ ನಡುವ ಹೊತ್ತಿ ಸುತ್ತಲೂ ಹಸೀ ಉಳೀತದ.

ಬರ್ನರ್ ಹಿತ್ತಾಳಿದ ಇರಲಿ, ತಾಳಿಕಿ ಛಲೋ. ಐಎಸ್‌ಐ ಗುರುತು, ಅದರ ಮ್ಯಾಲೆ ಐಎಸ್ 4246 ಅಂತ ಇರಬೇಕು. ಸುಟ್ಟ ಗ್ಯಾಸಿನ ಕಾವಿನೊಳಗ ಕಡಿಮಿ ಅಂದ್ರೂ ನೂರಕ್ಕ 68 ಪಾಲು ಪಾತ್ರಿಗೆ ಮುಟ್ಟಬೇಕು ಅನ್ನೋ ನಿಯಮ ಅದರಾಗ ಅದ. ಪೈಪ್ ಗ್ಯಾಸ್ ಬಂದ ಮನಿಯವರು ಮೊದಲ ಅಂಗಡಿಯವಗ ಹೇಳ್ರಿ. ಸಿಲಿಂಡರಿನ ಒಲಿಗೂ ಪೈಪಿನ ಒಲಿಗೂ ಜೆಟ್ಟಿನ ತೂತು ಬ್ಯಾರೆ ಬ್ಯಾರೆ.

ಸ್ಟೀಲೋ ಗ್ಲಾಸೋ ಅನ್ನೋದರಾಗ ನನ್ನ ಮನಸ್ಸು ಸ್ಟೀಲಿನ ಕಡೇನ ಇತ್ತು. ಕಬ್ಬಿಣದ ಹಂಚು ಕೈ ಜಾರಿದ್ರ ಗ್ಲಾಸು ಉಳಿಯೋದು ದೇವರ ಕೈಯಾಗ. ಆದ್ರೂ ತಂದಿದ್ದು ಗ್ಲಾಸಿಂದ. ಅದಕ್ಕ ಕಾರಣ ನಮ್ಮ ಅತ್ತಿಯವರು.

ಅತ್ತಿಯವರಿಗೆ ಈಗ 79. ಮರವು ಭಾಳ ಆಗೇದ. ಆದ್ರ ರೊಟ್ಟಿ ಬಡಿಯೋ ಕೈ ಮಾತ್ರ ಏನೂ ಮರತಿಲ್ಲ. ಯುಗಾದಿ ಹಿಂದಿನ ವಾರ ಹಾಲು ಉಕ್ಕಿ ಉರಿ ಆರಿತು, ಅವರಿಗೆ ಗೊತ್ತಾಗಲಿಲ್ಲ, ಅಲ್ಲೇ ಕೂತು ಮೆಂತೆ ಸೊಪ್ಪು ಸೋಸ್ಕೋತ ಇದ್ರು. ವಾಸನಿ ಬಂದು ನಾನು ಓಡಿ ಬಂದು ಬಂದ್ ಮಾಡಿದೆ, ಕಿಡಕಿ ಬಾಗಲಾ ಎಲ್ಲಾ ತಗದೆ. ಗ್ಯಾಸು ಗಾಳಿಗಿಂತ ಭಾರ, ಕೆಳಗ ನೆಲದ ಮ್ಯಾಲ ಕೂಡ್ತದ, ಅವರು ಕೂತದ್ದೂ ನೆಲದ ಮ್ಯಾಲ. ಅವತ್ತ ರಾತ್ರಿ ಮಗ ಅಂದ, "ಅವ್ವಾ, ಅಜ್ಜೀನ ಇನ್ನ ಅಡಗಿಮನ್ಯಾಗ ಬಿಡಬ್ಯಾಡ." ಇವರೂ ಹೂಂ ಅಂದ್ರು. ಅವರು ಅಂದಿದ್ದು ತಪ್ಪಲ್ಲ. ಆದ್ರ ನಾನು ಮದಿವ್ಯಾಗಿ ಬಂದಾಗ ಒಲಿ ಮುಂದ ಹೆಂಗ ಕೂಡಬೇಕು ಅಂತ ಕಲಿಸಿದಾಕಿನ್ನ ನಾನ ಹೊರಗ ಕೂಡ್ಸೋದು ಹೆಂಗ?

ಕೆಲವು ಒಲಿಯೊಳಗ ಬರ್ನರ್ ಬಾಜೂಕ ಒಂದು ಸಣ್ಣ ಕಡ್ಡಿ ಇರ್ತದ. ಅದು ಉರಿಯೊಳಗ ಕಾದಿರೋತನಕ ಗ್ಯಾಸ್ ಬಿಡ್ತದ, ಉರಿ ಆರಿ ಕಡ್ಡಿ ತಣ್ಣಗಾದ್ರ ತಾನ ಬಂದ್ ಮಾಡ್ತದ. ನಾವು ಹೋದ ಅಂಗಡಿಯೊಳಗ ಅಂಥಾದ್ದು ಗ್ಲಾಸಿನೊಳಗ ಇತ್ತು, ರೊಕ್ಕಾನೂ ಜಾಸ್ತಿ. ತಗೊಂಡ್ವಿ. ಒಂದು ತಿಳಕೋರಿ, ಉರಿ ಹತ್ತಿರೋ ಒಲಿ ಮರತು ಹ್ವಾದ್ರ ಅದೇನೂ ಮಾಡೂದಿಲ್ಲ, ಪಲ್ಯಾ ಹೊತ್ತೇ ಹೊತ್ತತದ.

ಹಚ್ಚುವಾಗ ಗುಂಡಿ ಒತ್ತಿ ಸ್ವಲ್ಪ ಹೊತ್ತು ಹಿಡೀಬೇಕು. ಅತ್ತಿಯವರ ಹೆಬ್ಬಟ್ಟಿಗೆ ಆ ಕಸುವಿಲ್ಲ, ಎರಡು ಸಲ ಹಚ್ಚಿದ್ರು, ಬಿಟ್ಟ ಕೂಡ್ಲೆ ಆರಿತು. ಸಿಟ್ಟು ಮಾಡ್ಕೊಂಡು ಮೂರು ದಿನ ಅಡಗಿಮನಿ ಕಡೆ ಬರಲಿಲ್ಲ. "ನನ್ನ ಮಾತು ಕೇಳದ ಒಲಿ ತಂದೀರಿ" ಅಂದ್ರು. ನಾಕನೇ ದಿನ ನಾನು ಒಲಿ ಹಚ್ಚಿ, ಹಂಚು ಇಟ್ಟು, ಹಿಟ್ಟು ನಾದಿ ಇಟ್ಟು ಬಟ್ಟಿ ಒಗಿಯಾಕ ಹೋದೆ. ತಿರುಗಿ ಬರೂದ್ರಾಗ ರೊಟ್ಟಿ ಬಡಿಯೋ ಸಪ್ಪಳ ಕೇಳಸ್ತು. ಈಗ ದಿನಾ ಆರಕ್ಕ ಅಲ್ಲಿಂದ ಕೂಗ್ತಾರ, "ಒಲಿ ಹಚ್ಚು ಬಾರವಾ." ಆರಸೋದು ಮಾತ್ರ ಅವರ. ಅದನ್ನ ಯಾರಿಗೂ ಬಿಡೂದಿಲ್ಲ.

ಹಾಲು ಕಾಸೋದು ನಂದು, ರಾತ್ರಿ ರೆಗ್ಯುಲೇಟರ್ ಬಂದ್ ಮಾಡೋದು ಸೊಸೀದು. ರೊಟ್ಟಿ ಬಡಿಯೋ ಮಣಿ ನೆಲದ ಮ್ಯಾಲ, ಗ್ಲಾಸಿನ ಹತ್ರ ಇಡೂದಿಲ್ಲ. ಗ್ಲಾಸು ಬಿಸಿ ಇದ್ದಾಗ ಹಸೀ ಅರಬಿ ಹಾಕಿ ಒರಸಬ್ಯಾಡ್ರಿ. ಹೊಸಾ ಒಲಿ ತಂದು ಹಳೇ ಪೈಪ್ ಹಚ್ಚಾಕ ಹೋಗಬ್ಯಾಡ್ರಿ, ಕೇಸರಿ ಬಣ್ಣದ ಸುರಕ್ಷಾ ಪೈಪ್ ಆದ್ರೂ 5 ವರ್ಷಕ್ಕ ಬದಲಿ ಮಾಡಬೇಕು. ನಮ್ಮ ಪೈಪಿನ ಮ್ಯಾಲಿನ ತಾರೀಖು ಓದಿ ಸೊಸಿ ಕ್ಯಾಲೆಂಡರಿನ ಹಿಂದ ಬರದ ಇಟ್ಟಾಳ.