ಚಾರ್ಮಾಡಿಯ ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್

ಕಳೆದ ಜುಲೈನ ಒಂದು ಶನಿವಾರ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಬೆಳಗಿನ ಜಾವವೇ ಬೆಂಗಳೂರು ಬಿಟ್ಟು ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಸೇರಿದಾಗ ಒಂಬತ್ತೂವರೆ. ಅಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗೋಕಾಗುತ್ತಾ? ತಿಂದು, ಕಾಫಿ ಕುಡಿದು ಹೊರಗೆ ಬಂದರೆ ಎದುರಿನ ಅಂಗಡಿಯೇ ಮಾಯ. ಅಷ್ಟು ಮಂಜು!

ಮುಂದೆ ಚಾರ್ಮಾಡಿ ಘಾಟಿ. ಒಂದು ಕಡೆ ನೀರು ಸುರಿಯುವ ಬಂಡೆ, ಇನ್ನೊಂದು ಕಡೆ ಕಣಿವೆ. ಆವತ್ತು ಎರಡೂ ಕಾಣಲಿಲ್ಲ. ಹೈ ಬೀಮ್ ಹಾಕಿದೆ. ಮುಂದೆ ಬಿಳಿ ಗೋಡೆ ಎದ್ದಂತಾಯಿತು. ಮಂಜು ಅಂದರೆ ತೇಲುವ ನೀರಿನ ಹನಿಗಳು. ಬೆಳಕು ಅವಕ್ಕೆ ಬಡಿದು ಚದುರಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಓದಿದ್ದು ಎಂಜಿನಿಯರಿಂಗ್, ನೆನಪಾಗಿದ್ದು ಎದುರಿನ ಬಸ್ಸಿನವರು ಹಾರ್ನ್ ಹೊಡೆದು ಗದರಿದ ಮೇಲೆ.

ಲೋ ಬೀಮ್‌ಗೆ ಬಂದೆ. ಆದರೂ ಭಯ. 'ಸೇಫ್ಟಿಗೆ ಇರಲಿ' ಅಂತ ಹಜಾರ್ಡ್ ಲೈಟ್ ಒತ್ತಿದೆ. ನಾಲ್ಕೂ ಇಂಡಿಕೇಟರ್ ಮಿನುಗತೊಡಗಿದವು. ಸ್ವಲ್ಪ ದೂರ ಹೋದಮೇಲೆ ಬಲಗಡೆ ಅಗಲವಾದ ಜಾಗ ಕಂಡಿತು. ಮಂಜು ಕರಗುವವರೆಗೆ ನಿಲ್ಲೋಣ ಅಂತ ಬಲಗಡೆ ಇಂಡಿಕೇಟರ್ ಹಾಕಿ ತಿರುಗಿಸಿದೆ.

ಕಿರ್ರ್ ಅಂತ ಬ್ರೇಕಿನ ಸದ್ದು. ನನ್ನ ಬಾಗಿಲಿಗೆ ಗೇಣು ದೂರದಲ್ಲಿ ಒಂದು ಬೈಕು ನಿಂತಿತ್ತು. ರೇನ್‌ಕೋಟ್ ಹಾಕಿದ್ದ ಹಿರಿಯರು, ಹಿಂದೆ ಮಗ್ಗುಲಿಗೆ ಕುಳಿತ ಹೆಂಗಸು. ಅಮ್ಮ ನನ್ನ ಕೈ ಹಿಡಿದುಕೊಂಡರು.

"ಎಂಥ ಮಾರಾಯ್ರೇ, ನಾಲ್ಕೂ ಲೈಟು ಹಾಕಿದ್ರೆ ಗಾಡಿ ನಿಂತಿದೆ ಅಂತಲ್ವಾ ಅರ್ಥ? ಪಕ್ಕದಿಂದ ಹೋಗುವಾ ಅಂತ ಬಂದೆ. ನೀವು ತಿರುಗುವುದು ನನಗೆ ಹೇಗೆ ಗೊತ್ತಾಗ್ಬೇಕು?"

"ಇಂಡಿಕೇಟರ್ ಹಾಕಿದ್ದೆ ಸಾರ್" ಅಂದೆ. ಹೇಳುತ್ತಿದ್ದಂತೆಯೇ ತಪ್ಪು ಹೊಳೆಯಿತು. ನಾಲ್ಕೂ ಮಿನುಗುವಾಗ ಬಲ ಯಾವುದು, ಎಡ ಯಾವುದು? ನಾನು ಕೊಟ್ಟ ಸಿಗ್ನಲ್ ನನಗೆ ಮಾತ್ರ ಗೊತ್ತಿತ್ತು. ಕ್ಷಮೆ ಕೇಳಿದೆ. ಅವರು "ನಿಧಾನ ಬನ್ನಿ" ಅಂದು ಹೊರಟರು.

ಹಜಾರ್ಡ್ ಇರುವುದು ಕೆಟ್ಟು ನಿಂತ ಗಾಡಿಗೆ. ಓಡುವ ಗಾಡಿಗೆ ಲೋ ಬೀಮ್, ಇದ್ದರೆ ಫಾಗ್ ಲ್ಯಾಂಪ್. ಅದು ಬಂಪರಿನಲ್ಲಿ ಕೆಳಗಿರುವುದೇ ರಸ್ತೆಗೆ ಹತ್ತಿರ, ಅಗಲವಾಗಿ ಬೆಳಕು ಚೆಲ್ಲಲು. ನಮ್ಮ ಹೊಸ ಕಾರುಗಳಲ್ಲಿ ಇನ್ನೊಂದು ಮೋಸವಿದೆ. ಹಗಲಲ್ಲಿ ಮುಂದೆ ತಾನಾಗಿ ಉರಿಯುವ ಡಿಆರ್‌ಎಲ್ ನೋಡಿ ಲೈಟ್ ಇದೆ ಅಂದುಕೊಳ್ಳುತ್ತೇವೆ. ಎಷ್ಟೋ ಕಾರುಗಳಲ್ಲಿ ಆಗ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ. 'ಆಟೋ' ಮೋಡ್ ನಂಬುವ ಹಾಗೂ ಇಲ್ಲ. ಅದು ಅಳೆಯುವುದು ಹೊರಗಿನ ಬೆಳಕನ್ನು. ಹಗಲಿನ ಮಂಜು ಬೆಳ್ಳಗಿರುತ್ತದೆ, ಕತ್ತಲೆ ಅಲ್ಲವಲ್ಲ! ಸ್ವಿಚ್ಚನ್ನು ನಾವೇ ತಿರುಗಿಸಬೇಕು.

ಹಜಾರ್ಡ್ ಆರಿಸಿ, ಆ ಬೈಕಿನ ಕೆಂಪು ದೀಪವನ್ನೇ ನೋಡುತ್ತಾ ಅಂತರ ಬಿಟ್ಟು ಇಳಿದೆವು. ಕೆಳಗೆ ಚಾರ್ಮಾಡಿ ಊರು ಬರುವಷ್ಟರಲ್ಲಿ ಮಂಜು ಹರಿದು ಬಿಸಿಲು ಕಂಡಿತು. ನಾನು ಉಸ್ಸಪ್ಪಾ ಅನ್ನುವ ಮೊದಲೇ ಅಮ್ಮ ಕೇಳಿದರು: "ಮಂಜು ಹೋಯ್ತಲ್ಲ, ಆ ಕೆಳಗಿನ ಲೈಟ್ ಆರಿಸಿದ್ಯೇನೋ? ಎದುರಿಂದ ಬರೋರ ಕಣ್ಣಿಗೆ ಹೊಡೆಯತ್ತೆ."

ಆರಿಸಿರಲಿಲ್ಲ.