386ರಿಂದ ರೂಟರಿಗೆ ಒಂದು ಕೇಬಲ್

ಟಾರ್ಚನ್ನು ಸ್ವಲ್ಪ ಎಡಕ್ಕೆ ಹಿಡಿಯಿರಿ. ಮುಚ್ಚಳ ತೆಗೆದ ಈ 386 ಕಂಪ್ಯೂಟರಿನೊಳಗೆ ಕಪ್ಪು ಐಎಸ್‌ಎ ಸ್ಲಾಟುಗಳ ಸಾಲು ಕಾಣುತ್ತಿದೆಯಲ್ಲ, ಅದರಲ್ಲೊಂದರಲ್ಲಿ ಜಿಸ್ಟ್ ಕಾರ್ಡ್ ಕೂತಿದೆ. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸ ಪುಣೆಯ ಸಿ-ಡ್ಯಾಕ್ ಸೇರಿ ಈ ರೂಪಕ್ಕೆ ಬಂತು. ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿದ್ದುದು ಇದರಿಂದಲೇ. ಮಲ್ಲೇಶ್ವರದ ಈ ಹಿಂಗೋಣೆಯಲ್ಲಿ ಕೂತು ಮಾವ ಟೈಪ್ ಮಾಡಿದ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಸ್ಮರಣ ಸಂಚಿಕೆಗಳೆಲ್ಲ 40 ಎಂಬಿಯ ಹಾರ್ಡ್ ಡಿಸ್ಕಿನಲ್ಲಿ ಉಳಿದಿವೆ. ಅವನ್ನು ಲ್ಯಾಪ್‌ಟಾಪಿಗೆ ತರಬೇಕು. ಬೂಷ್ಟು ಹಿಡಿಯದ ಫ್ಲಾಪಿ ಸಿಕ್ಕಿದ್ದು ಒಂದೇ, ಅದರಲ್ಲಿ ಹಿಡಿಯುವುದು 1.44 ಎಂಬಿ. ಹಾಗಾಗಿ ನೆಟ್‌ವರ್ಕೇ ದಾರಿ.

ನನ್ನ ಕೈಯಲ್ಲಿರುವುದು ಎನ್‌ಇ2000 ಮಾದರಿಯ ಕಾರ್ಡ್. ಅದರ ಮೂಲೆಯ ಪುಟ್ಟ ಜಂಪರುಗಳನ್ನು ನೋಡಿ: ಪ್ರೊಸೆಸರಿನ ಗಮನ ಸೆಳೆಯಲು ಕಾರ್ಡು ಯಾವ ಇಂಟರಪ್ಟ್ ಬಳಸಬೇಕೆಂದು ತೀರ್ಮಾನಿಸುವುದು ಆ ಟೋಪಿಗಳು. 3ರಲ್ಲಿ ಬಿಟ್ಟರೆ ಎರಡನೆಯ ಸೀರಿಯಲ್ ಪೋರ್ಟಿನ ಜೊತೆ ಜಗಳ. ಚಿಮಟದಿಂದ ಎತ್ತಿ 5ಕ್ಕೆ ಕೂರಿಸುತ್ತೇನೆ. ಕಾರ್ಡನ್ನು ಸ್ಲಾಟಿನ ಮೇಲೆ ನೇರವಾಗಿ ಇಟ್ಟು, ಎರಡೂ ಹೆಬ್ಬೆರಳಿನಿಂದ ಒತ್ತಿದಾಗ ಕಟಕ್ಕೆಂದು ಒಳಗಿಳಿಯುತ್ತದೆ.

ಈಗ ಕೇಬಲ್. ಒಂದು ತುದಿ ಕಾರ್ಡಿಗೆ, ಇನ್ನೊಂದು ತುದಿ ನಡುಮನೆಯ ರೂಟರಿಗೆ. ರೂಟರಿನ ಪೋರ್ಟು ಗಿಗಾಬಿಟ್ಟಿನದು, ಕಾರ್ಡಿನ ವೇಗ ಅದರ ನೂರನೇ ಒಂದು ಪಾಲು, 10 ಮೆಗಾಬಿಟ್. ಇಂದಿನ ಸಾಧನಗಳೆರಡು ಕೂಡಿದರೆ ಮೊದಲು ವೇಗದ ಮಾತುಕತೆ ನಡೆಯುತ್ತದೆ. ಈ ಕಾರ್ಡಿಗೆ ಆ ಮಾತುಕತೆ ಬರುವುದಿಲ್ಲ. ಸುಮಾರು 16 ಮಿಲಿಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂಬಂತೆ ಒಂದು ಮಿಡಿತ ಕಳಿಸುತ್ತದೆ, ಅಷ್ಟೇ. ರೂಟರು ಆ ಮಿಡಿತವನ್ನೇ ಗುರುತು ಹಿಡಿದು, ತಾನೇ 10ಕ್ಕೆ ಇಳಿದು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳುವ ಹಾಫ್ ಡ್ಯೂಪ್ಲೆಕ್ಸಿಗೆ ಹೊಂದಿಕೊಳ್ಳುತ್ತದೆ. ಎಲ್ಲ ಹೊಸ ಪೋರ್ಟುಗಳೂ ಹೀಗಿಲ್ಲ. ಇನ್ನೂ ವೇಗದ ಕೆಲವು 10 ಮೆಗಾಬಿಟ್ಟನ್ನು ಕೈಬಿಟ್ಟಿವೆ. ಹಿಂದಿನವರಿಗೆ ಬಾಗಿಲು ತೆರೆದಿಡುವ ಈ ಎಂಜಿನಿಯರಿಂಗ್ ಬಗ್ಗೆ ನನಗೆ ನಿಜವಾದ ಗೌರವವಿದೆ.

ಕಂಪ್ಯೂಟರಿನ ಬೆನ್ನಿನಲ್ಲಿ ಹಸಿರು ದೀಪ ಹತ್ತಿತು. "ಬಂತು ನೋಡೋ ಲೈಟು!" ಎಂದು ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

ಫ್ಲಾಪಿಯಲ್ಲಿ ಎರಡೇ ವಸ್ತು: ಕಾರ್ಡಿನ ಪ್ಯಾಕೆಟ್ ಡ್ರೈವರು, ಮತ್ತು ಮೈಕೆಲ್ ಬ್ರಟ್‌ಮನ್ ಬರೆದ ಎಂಟಿಸಿಪಿ. 1981ರ ಐಬಿಎಂ ಪಿಸಿಯಲ್ಲೂ ಓಡುವ ನೆಟ್‌ವರ್ಕ್ ಪ್ರೋಗ್ರಾಮುಗಳ ಕಟ್ಟು ಅದು. ಡ್ರೈವರು ಲೋಡ್ ಆಗಿ ಕಾರ್ಡಿನ ವಿಳಾಸವನ್ನು ಪರದೆಗೆ ಬರೆಯಿತು. ಮುಂದಿನದು ರೂಟರಿನಿಂದ ನೆಟ್‌ವರ್ಕ್ ವಿಳಾಸ ಕೇಳಿ ಪಡೆಯುವ ಡಿಎಚ್‌ಸಿಪಿ, ಎಂಟರ್ ಒತ್ತುತ್ತೇನೆ. ಕರ್ಸರು ಮಿಟುಕುತ್ತಿದೆ, ಮೂವರೂ ಉಸಿರು ಬಿಗಿಹಿಡಿದಿದ್ದೇವೆ. 192.168.1ರಿಂದ ಶುರುವಾಗುವ ಅಂಕೆಗಳು ಬಂದವು. ಮೊಬೈಲಿನಲ್ಲಿ ರೂಟರಿನ ಪಟ್ಟಿ ತೆರೆದು ನೋಡಿ: ಎರಡು ಫೋನು, ಟಿವಿ, ಲ್ಯಾಪ್‌ಟಾಪು, ಅವುಗಳ ಕೆಳಗೆ ಈ 386.

ಇದನ್ನು ಬ್ರೌಸರಿಗೆ ಬಳಸುವ ಆಸೆ ಬೇಡ. ಇಂದಿನ ಜಾಲತಾಣಗಳು ಕೇಳುವ ಗೂಢಲಿಪಿಯ ಲೆಕ್ಕ ಈ ಪ್ರೊಸೆಸರಿಗೆ ಭಾರ. ಫೈಲು ಸಾಗಿಸುವ ಎಫ್‌ಟಿಪಿ ಸಾಕು. ಅದರಲ್ಲಿ ಪಾಸ್‌ವರ್ಡೂ ಬಯಲಲ್ಲೇ ಹೋಗುವುದರಿಂದ ಮನೆಯ ಹೊರಗಿನಿಂದ ಯಾರೂ ಇದನ್ನು ಮುಟ್ಟದಂತೆ ರೂಟರಿನಲ್ಲಿ ಯಾವ ಪೋರ್ಟನ್ನೂ ತೆರೆದಿಲ್ಲ. 386ರಲ್ಲಿ ಎಫ್‌ಟಿಪಿ ಸರ್ವರ್ ಓಡಿಸಿ, ಬೈನರಿ ಎಂದು ಆರಿಸಿ, ಲ್ಯಾಪ್‌ಟಾಪಿನಿಂದ ಒಂದು ಫೈಲು ಎಳೆದುಕೊಳ್ಳುತ್ತೇನೆ. ಹಾರ್ಡ್ ಡಿಸ್ಕು ಕರಕರ ಎನ್ನುತ್ತದೆ.

ಫೈಲು ತೆರೆದರೆ ಏನೋ ಅಸಂಬದ್ಧ. ಮಾವನ ಮುಖ ಇಳಿಯಿತು. ಮೊದಲ ಪದವನ್ನು ಗಮನವಿಟ್ಟು ನೋಡಿ. ಆರಂಭದಲ್ಲಿ ಮೇಲೆ ಎತ್ತಿ ಬರೆದ ಪುಟ್ಟ ³. ಕೊನೆಯಲ್ಲಿ ½, ಮತ್ತೆ ಅದೇ ³. ಜಿಸ್ಟ್ ಕಾರ್ಡ್ ಬರೆಯುತ್ತಿದ್ದುದು ಇಸ್ಕಿ ಸಂಕೇತದಲ್ಲಿ. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 179. ಯುರೋಪಿನ ಸಂಕೇತಪಟ್ಟಿಯಲ್ಲಿ ಅದೇ ಸಂಖ್ಯೆಗೆ ಆ ³ ಕೂತಿದೆ. ½ ಎಂದರೆ ‘ಟ’.

"ಮಾವ, ಇದು ಕರ್ನಾಟಕ ಅಂತ ಅಲ್ವಾ?"

"ಹೂಂ ಕಣೋ! ಕರ್ನಾಟಕ ಸಂಘದ ಆಮಂತ್ರಣ ಅದು."

ಯೂನಿಕೋಡಿನ ಕನ್ನಡ ಪಟ್ಟಿ ರೂಪುಗೊಂಡಿದ್ದೇ ಇಸ್ಕಿಯ ಜೋಡಣೆಯನ್ನು ಅನುಸರಿಸಿ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಕಷ್ಟವಲ್ಲ. ಐಸಿಯು ಲೈಬ್ರರಿಯ ಯುಕಾನ್ವ್ ಆ ಕೆಲಸ ಮಾಡುತ್ತದೆ. ಒಂದೇ ಆಜ್ಞೆ, ಪರದೆಯ ತುಂಬ ಕನ್ನಡ. ಮಾವ ಕನ್ನಡಕ ಏರಿಸಿಕೊಂಡು ಸಾಲಿನಿಂದ ಸಾಲಿಗೆ ಓದುತ್ತ, ಅಂದು ತಮ್ಮ ಕಣ್ತಪ್ಪಿಸಿದ್ದ ಒಂದು ಒತ್ತಕ್ಷರವನ್ನು ಬೆರಳಿಟ್ಟು ತೋರಿಸಿದರು.

"ಅದನ್ನ ಆಮೇಲೆ ತಿದ್ದಣ. ಈಗ ಸ್ಮರಣ ಸಂಚಿಕೆಗಳ ಡೈರೆಕ್ಟರಿ ಪೂರ್ತಿ ಎಳ್ಕೋ."